ಓವರ್‌ಲೋಡ್, ಓವರ್‌ಯೂಸ್ ಎರಡೂ ಒಂದೇನಾ? ನಮ್ಮ ಹೊಲದ ಟಿಸಿ ಮೂರನೇ ಸಲ ಸುಟ್ಟಿದೆ

ಶಿರಾ ಸೀಮೆ ರೈತ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ಮ ಹೊಲದ ಹತ್ರ ಇರೋ 63 ಕೆವಿಎ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಹೋದ ವಾರ ಮತ್ತೆ ಸುಟ್ಟೋಯ್ತು, ಎರಡು ವರ್ಷದಲ್ಲಿ ಇದು ಮೂರನೇದು. ಬೆಳಗ್ಗೆ ತ್ರೀ ಫೇಸ್ ಕೊಟ್ಟು ಹತ್ತು ನಿಮಿಷ ಆಗಿರಲಿಲ್ಲ, ಢಂ ಅಂತ ಸದ್ದು, ಓಡೋಗಿ ನೋಡಿದ್ರೆ ಟಿಸಿ ಮೈಮೇಲೆಲ್ಲ ಆಯಿಲ್ ಇಳೀತಾ ಇದೆ, ಕೆಳಗಿನ ಹುಲ್ಲೆಲ್ಲ ನೆಂದಿದೆ, ಆ ವಾಸನೆ ಮಧ್ಯಾಹ್ನದವರೆಗೂ ಹೋಗಲಿಲ್ಲ. ಲೈನ್‌ಮನ್ ಬಂದ್ರು, ಕತ್ತೆತ್ತಿ ಒಂದ್ಸಲ ನೋಡಿ "ಓವರ್‌ಲೋಡ್ ಅಣ್ಣ" ಅಂದ್ರು, ಅಷ್ಟೇ.

ಅದೇ ವಾರ ನಮ್ಮ ಚಿಕ್ಕಪ್ಪನ ಬೋರ್‌ನಲ್ಲಿ ನೀರು ಬಿಟ್ಟು ಬಿಟ್ಟು ಬರೋಕೆ ಶುರು ಆಗಿತ್ತು, ಪೈಪ್ ಬಾಯಲ್ಲಿ ಬರೀ ಗಾಳಿ ಉಗುಳುತ್ತೆ, ಆಮೇಲೆ ಒಂದು ಬೊಗಸೆ ನೀರು, ಮತ್ತೆ ಗಾಳಿ. ಪಾಯಿಂಟ್ ನೋಡೋಕೆ ಬಂದ ಭೂವಿಜ್ಞಾನ ಓದಿದವರು "ಈ ಏರಿಯಾ ಪೂರ್ತಿ ಓವರ್‌ಯೂಸ್ ಆಗಿದೆ, ಇನ್ನೊಂದು ಹೊಡ್ಸಿದ್ರೂ ಇದೇ ಕಥೆ" ಅಂದ್ರು. ಒಂಬತ್ತನೇ ಕ್ಲಾಸ್ ಓದೋ ನನ್ನ ಮಗಳು ರಾತ್ರಿ ಊಟಕ್ಕೆ ಕೂತಾಗ ಕೇಳಿದ್ಲು, "ಅಪ್ಪ ಓವರ್‌ಲೋಡ್ ಅಂದ್ರೂ ಓವರ್‌ಯೂಸ್ ಅಂದ್ರೂ ಒಂದೇ ತಾನೇ, ಜಾಸ್ತಿ ಆಯ್ತು ಅಂತ ತಾನೇ?" ನಾನು ಹೂಂ ಅಂದುಬಿಟ್ಟೆ. ಆದ್ರೆ ಮಲಗಿದ ಮೇಲೆ ಯೋಚನೆ ಬಂತು, ಟಿಸಿ ಆದ್ರೆ ಓಡಾಡಿ ಒಂದು ವಾರಕ್ಕೆ ಬೇರೆ ಹಾಕಿಸ್ತೀವಿ, ಚಿಕ್ಕಪ್ಪನ ಬೋರ್‌ಗೆ ಯಾವ ಆಫೀಸಿಗೆ ಹೋಗಿ ಏನು ಬದಲಾಯಿಸ್ಲಿ? ಎರಡೂ ಒಂದೇ ಕಾಯಿಲೆ ಆಗಿದ್ರೆ ಮದ್ದೂ ಒಂದೇ ಇರಬೇಕಿತ್ತಲ್ವಾ? ನಿಮ್ಮ ನಿಮ್ಮ ಕೆಲಸದಲ್ಲಿ ಈ ಎರಡು ಮಾತನ್ನ ಯಾವುದಕ್ಕೆ ಹೇಳ್ತೀರಿ ಅಂತ ತಿಳಿಸಿ, ಮಗಳಿಗೆ ಸರಿಯಾಗಿ ಹೇಳಬೇಕು.

ದಾವಣಗೆರೆ ರಿವೈಂಡಿಂಗ್

ಅಣ್ಣ ನಾನು ಇಪ್ಪತ್ತೆರಡು ವರ್ಷದಿಂದ ಮೋಟಾರ್ ಕಾಯಿಲ್ ಕಟ್ತಾ ಇದೀನಿ, ನಿಮ್ಮ ಮಗಳ ಪ್ರಶ್ನೆಗೆ ನನ್ನ ಟೇಬಲ್ ಮೇಲೇ ಉತ್ತರ ಇದೆ. ಮೊನೊಬ್ಲಾಕ್ ಮೋಟಾರ್ ಬಂದಾಗ ಸೈಡ್ ಕವರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡ್ತೀನಿ. ಸುತ್ತ ಎಲ್ಲಾ ಕಾಯಿಲ್ ಒಂದೇ ಸಮ ಕಪ್ಪಾಗಿದ್ರೆ ಅದು ಓವರ್‌ಲೋಡ್ ಇಲ್ಲ ಲೋ ವೋಲ್ಟೇಜ್. ಕೆಲವು ಕಾಯಿಲ್ ಹೊಸದರ ಹಾಗೆ ಹೊಳೀತಾ ಇದ್ದು ಪಕ್ಕದ್ದು ಇದ್ದಿಲಾಗಿದ್ರೆ ಒಂದು ಫೇಸ್ ಹೋಗಿದೆ ಅಂತ. ಕಾಯಿಲ್ ಎಲ್ಲ ಚೆನ್ನಾಗಿದ್ದು ಬೇರಿಂಗ್ ಗಲಗಲ ಅಂದ್ರೆ, ಶಾಫ್ಟ್ ಸವೆದಿದ್ರೆ, ಬುಶ್ ಅಂಡಾಕಾರ ಆಗಿದ್ರೆ, ಅದು ಓಡಿ ಓಡಿ ಸವೆದಿರೋದು. ಆ ಮೋಟಾರ್ ಒಂದು ದಿನವೂ ಜಾಸ್ತಿ ಆಂಪ್ಸ್ ಎಳೆದಿರಲ್ಲ, ಪಾಪ ಬಿಡುವು ಇರಲಿಲ್ಲ ಅಷ್ಟೇ.

ಹಂಗಾಗಿ ನನ್ನ ಲೆಕ್ಕದಲ್ಲಿ ಓವರ್‌ಲೋಡ್ ಅಂದ್ರೆ ಒಂದೇ ಗಳಿಗೆಲಿ ತಡ್ಕೊಳ್ಳೋದಕ್ಕಿಂತ ಜಾಸ್ತಿ ಹೇರೋದು. ಓವರ್‌ಯೂಸ್ ಅಂದ್ರೆ ಪ್ರತಿ ಸಲ ಹೇರಿದ್ದು ಸರಿಯಾಗೇ ಇದೆ, ಆದ್ರೆ ಸುಧಾರಿಸ್ಕೊಳ್ಳೋಕೆ ಟೈಮ್ ಕೊಟ್ಟಿಲ್ಲ. ಮೊದಲನೇದಕ್ಕೆ ಫ್ಯೂಸ್ ಇದೆ, ರಿಲೇ ಇದೆ, ಟ್ರಿಪ್ ಆಗುತ್ತೆ, ನಿಮಗೆ ಗೊತ್ತಾಗುತ್ತೆ. ಎರಡನೇದಕ್ಕೆ ಫ್ಯೂಸ್ ಹಾಕೋಕೆ ಜಾಗನೇ ಇಲ್ಲ, ಅದೇ ತೊಂದರೆ.

ನಿಮ್ಮ ಟಿಸಿ ಲೆಕ್ಕ ಹೇಳಿ, ಎಷ್ಟು ಪಂಪ್ ಇದೆ?

ಶಿರಾ ಸೀಮೆ ರೈತ

ಬುಕ್ಕಲ್ಲಿ ಎಂಟು. ನಿಜವಾಗಿ ಹದಿಮೂರು. ಎಲ್ಲರದ್ದೂ ಏಳೂವರೆ ಎಚ್‌ಪಿ ಅಂತ ಬರೆದಿದೆ, ಬೋರ್ ಆಳ ಹೋದ ಹಾಗೆ ಕೆಲವರು ಹತ್ತು ಎಚ್‌ಪಿ ಇಳಿಸಿದಾರೆ. ಎಲ್ಲರದ್ದೂ ಆಟೋ ಸ್ಟಾರ್ಟರ್.

ದಾವಣಗೆರೆ ರಿವೈಂಡಿಂಗ್

ಅಲ್ಲೇ ಇದೆ ನೋಡಿ. 1 ಎಚ್‌ಪಿ ಅಂದ್ರೆ 746 ವ್ಯಾಟ್, ಪಂಪ್‌ನ ನಷ್ಟ ಪವರ್ ಫ್ಯಾಕ್ಟರ್ ಎಲ್ಲ ಸೇರಿದ್ರೆ ಅಂದಾಜಿಗೆ 1 ಎಚ್‌ಪಿಗೆ 1 ಕೆವಿಎಗಿಂತ ಸ್ವಲ್ಪ ಜಾಸ್ತಿನೇ ಬೇಕು. ಎಂಟು ಪಂಪ್‌ಗೆ 60 ಎಚ್‌ಪಿ, ಅಲ್ಲಿಗೇ ನಿಮ್ಮ 63 ಕೆವಿಎ ತುಂಬಿ ತುಳುಕ್ತು. ಹದಿಮೂರು ಅಂದ್ರೆ ಹತ್ತಿರ ಹತ್ತಿರ 100 ಎಚ್‌ಪಿ. ಅದರ ಮೇಲೆ ಆಟೋ. ಕರೆಂಟ್ ಬಂದ ತಕ್ಷಣ ಹದಿಮೂರೂ ಒಟ್ಟಿಗೆ ಎದ್ದು ಕೂರುತ್ವೆ, ನೇರ ಸ್ಟಾರ್ಟ್ ಆಗೋ ಮೋಟಾರ್ ಎದ್ದೇಳೋ ಗಳಿಗೆಲಿ ಓಡುವಾಗಿನದ್ದಕ್ಕಿಂತ ಐದಾರು ಪಟ್ಟು ಆಂಪ್ಸ್ ಎಳಿಯುತ್ತೆ. ಹದಿಮೂರೂ ಎಳೆದಾಗ ವೋಲ್ಟೇಜ್ ಕುಸಿಯುತ್ತೆ, ವೋಲ್ಟೇಜ್ ಕುಸಿದ್ರೆ ಮೋಟಾರ್ ಸ್ಪೀಡ್ ಹಿಡಿಯೋಕಾಗದೆ ಇನ್ನೂ ಜಾಸ್ತಿ ಹೊತ್ತು ಎಳೀತಾನೇ ಇರುತ್ತೆ. ಹತ್ತು ನಿಮಿಷದಲ್ಲಿ ಢಂ ಅಂದಿದ್ದು ಅದಕ್ಕೇ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನನ್ನ ಹತ್ರ ಬರೋ ಸ್ಟಾರ್ಟರ್‌ಗಳಲ್ಲಿ ಅರ್ಧಕ್ಕರ್ಧ ರಿಲೇ ತೆಗೆದು ನೇರ ವೈರ್ ಕೊಟ್ಟಿರ್ತಾರೆ, ಪದೇ ಪದೇ ಟ್ರಿಪ್ ಆಗುತ್ತೆ ಅಂತ. ಅದು ಕಾಯೋ ನಾಯಿ ಬೊಗಳುತ್ತೆ ಅಂತ ಬಾಯಿ ಕಟ್ಟಿದ ಹಾಗೆ.

ಬೆಂಗಳೂರು ಬಾಡಿಗೆ ಮನೆ

ಇದು ಬರೀ ಹಳ್ಳಿ ಸಮಸ್ಯೆ ಅಲ್ಲ ಕಣ್ರೀ. ನಮ್ಮ ಮನೇಲಿ ಸಣ್ಣ ಪ್ಲಗ್‌ನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಇಂಡಕ್ಷನ್ ಸ್ಟೌ ಹಾಕ್ತಿದ್ವಿ. ಸಣ್ಣ ಪ್ಲಗ್ 6 ಆಂಪ್ಸ್, 230 ವೋಲ್ಟ್‌ಗೆ ಗುಣಿಸಿದ್ರೆ 1380 ವ್ಯಾಟ್. ಸ್ಟೌ 2000 ವ್ಯಾಟ್. ಒಂದು ದಿನ ಪ್ಲಗ್ ತೆಗೆಯೋಕೆ ಹೋದ್ರೆ ಬರ್ತಾ ಇಲ್ಲ, ಪಿನ್ ಹತ್ರ ಪ್ಲಾಸ್ಟಿಕ್ ಕರಗಿ ಅಂಟ್ಕೊಂಡಿತ್ತು. ಎಂಸಿಬಿ ಟ್ರಿಪ್ ಆಗಲೇ ಇಲ್ಲ ಯಾಕಂದ್ರೆ ಅದು 16 ಆಂಪ್ಸ್‌ದು, ಅದರ ಲೆಕ್ಕಕ್ಕೆ ಎಲ್ಲ ಸರಿಯಾಗೇ ಇತ್ತು. ಫ್ಯೂಸ್ ಇದೆ ಅಂತ ನಂಬೋದಕ್ಕಿಂತ ಮೊದ್ಲು ಆ ಫ್ಯೂಸ್ ಯಾವುದನ್ನ ಕಾಯ್ತಿದೆ ಅಂತ ನೋಡ್ಬೇಕು.

ಕೋಲಾರದ ಕೆರೆ ಏರಿ

ಶಿರಾ ಅಣ್ಣನ ಚಿಕ್ಕಪ್ಪನ ಬೋರ್ ವಿಷಯಕ್ಕೆ ಬರ್ತೀನಿ, ಅದು ಓದಿದ್ಮೇಲೆ ಸುಮ್ನಿರೋಕೆ ಆಗಲಿಲ್ಲ. ನಮ್ಮ ತಾತನ ತೆರೆದ ಬಾವಿ 40 ಅಡಿ ಇತ್ತು, ಕಪಿಲೆ ಹೊಡೀತಿದ್ರಂತೆ, ಎರಡು ಎತ್ತು ಎಷ್ಟು ಎಳೀತಾವೋ ಅಷ್ಟೇ ನೀರು, ಎತ್ತು ಸುಸ್ತಾದ್ರೆ ಬಾವಿಗೂ ವಿಶ್ರಾಂತಿ, ರಾತ್ರಿ ಊಟೆ ಬಂದು ಬೆಳಗ್ಗೆ ಮತ್ತೆ ತುಂಬಿರ್ತಿತ್ತು. ನಮ್ಮಪ್ಪನ ಕಾಲಕ್ಕೆ ಬೋರ್ 300 ಅಡಿ. ನಾನು ಹೊಡ್ಸಿದ್ದು 1200, ಪಕ್ಕದವರದ್ದು 1500 ದಾಟಿದೆ. ಇದರಲ್ಲಿ ಯಾವ ದಿನ ಓವರ್‌ಲೋಡ್ ಆಯ್ತು ಹೇಳಿ ನೋಡೋಣ? ಯಾವ ದಿನವೂ ಇಲ್ಲ. ನಾವು ಯಾರೂ ಒಂದೇ ದಿನ ಸಮುದ್ರದಷ್ಟು ನೀರು ಎತ್ತಿಲ್ಲ, ಒಂದೂವರೆ ಇಂಚು ಎರಡು ಇಂಚು ನೀರು ಅಷ್ಟೇ. ಮಳೇಲಿ ಇಂಗಿದ್ದಕ್ಕಿಂತ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಜಾಸ್ತಿ ತೆಗೆದ್ವಿ.

ಕೇಂದ್ರ ಅಂತರ್ಜಲ ಮಂಡಳಿಯವರ ಲೆಕ್ಕ ಹೀಗಿದೆ, ಒಂದು ತಾಲ್ಲೂಕಲ್ಲಿ ವರ್ಷಕ್ಕೆ ತೆಗೆಯಬಹುದಾದ ನೀರಲ್ಲಿ 70 ಪರ್ಸೆಂಟ್ ಒಳಗೆ ತೆಗೆದ್ರೆ ಸುರಕ್ಷಿತ, 90 ದಾಟಿದ್ರೆ ಗಂಭೀರ, 100 ದಾಟಿದ್ರೆ ಅತಿಬಳಕೆ. ನಮ್ಮ ಜಿಲ್ಲೆ ಈ 100 ಯಾವಾಗ್ಲೋ ದಾಟಿದೆ. 100 ದಾಟೋದು ಹೆಂಗೆ ಸಾಧ್ಯ, ಬರೋದಕ್ಕಿಂತ ಜಾಸ್ತಿ ಹೆಂಗೆ ತೆಗೀತಾರೆ ಅಂತ ಕೇಳ್ತಾರೆ ಹುಡುಗ್ರು. ನೂರಾರು ವರ್ಷದಿಂದ ಬಂಡೆ ಸಂದಿಲಿ ಕೂತಿದ್ದ ನೀರು ಅದು, ಅಜ್ಜಿ ಗಂಟು. ಬಡ್ಡಿ ಮುಗಿದ್ಮೇಲೆ ಅಸಲಿಗೆ ಕೈ ಹಾಕಿದೀವಿ. ಆಳ ಹೋದ ಹಾಗೆ ಫ್ಲೋರೈಡ್ ಬಂತು, 1 ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ, ನಮ್ಮ ಕಡೆಯೂ ಪಾವಗಡದ ಕಡೆಯೂ ಹಲ್ಲು ಹಳದಿಯಾದ ಮಕ್ಕಳನ್ನ ನೋಡಿದ್ರೆ ಅರ್ಥ ಆಗುತ್ತೆ.

2018ರಲ್ಲಿ ಕೆ.ಸಿ. ವ್ಯಾಲಿ ನೀರು ಅಂತ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬಂತು. ಕೆರೆ ತುಂಬಿದ್ದು ನೋಡಿ ನಮ್ಮಮ್ಮ ಬಾಗಿನ ಬಿಟ್ಟು ಅತ್ತರು. ಆ ನೀರಿನ ಗುಣಮಟ್ಟದ ಬಗ್ಗೆ ಜಗಳ ಇನ್ನೂ ಇದೆ, ಅದು ಬೇರೆ ಚರ್ಚೆ.

ಹುಬ್ಬಳ್ಳಿ ಔಷಧಿ ಅಂಗಡಿ

ನಮಸ್ಕಾರ್ರಿ. ನಮ್ಮ ಅಂಗಡ್ಯಾಗ ಇವೆರಡೂ ದಿನಾ ಕಾಣ್ತಾವ್ರಿ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕ 4 ಗ್ರಾಮ್ ದಾಟಬಾರದು, 500ರ ಗುಳಿಗಿ ಎಂಟು ಅಂದ್ರ ಅಲ್ಲಿಗೆ ಮುಗೀತು. ಒಂದೇ ದಿನದಾಗ ಅದಕ್ಕಿಂತ ಭಾಳ ನುಂಗಿದ್ರ ಲಿವರ್ ಮ್ಯಾಲೆ ಹೊಡೆತ ಬೀಳತೈತಿ, ದವಾಖಾನಿಗೆ ಓಡಬೇಕು. ಅದು ನಿಮ್ಮ ಓವರ್‌ಲೋಡ್.

ಇನ್ನೊಂದು ಐತಿ, ಅದನ್ನ ಯಾರೂ ನಂಬಂಗಿಲ್ಲ. ಒಬ್ಬ ಅಕ್ಕಾರು ಬರ್ತಿದ್ರು, ತಲಿನೋವು ಅಂತ ದಿನಾ ಒಂದು ಗುಳಿಗಿ, ಒಮ್ಮೊಮ್ಮೆ ಎರಡು. ಎಂಟಕ್ಕಿಂತ ಎಷ್ಟೋ ಕಡಿಮಿ, ಹೌದಿಲ್ಲೋ? ವರ್ಷಗಟ್ಟಲೆ ತಗೊಂಡ್ರು. ಕಡಿಕ ನಾನೇ ಒತ್ತಾಯ ಮಾಡಿ ನರರೋಗದ ಡಾಕ್ಟರ್ ಕಡೆ ಕಳಿಸಿದೆ. ಅವರು ಏನಂದ್ರಂತ ಗೊತ್ತೇನ್ರಿ, ಈಗ ಬರೋ ತಲಿನೋವು ಗುಳಿಗಿಯಿಂದನ ಬರಾಕತ್ತೈತಿ ಅಂತ. ತಿಂಗಳದಾಗ 15 ದಿನಕ್ಕಿಂತ ಹೆಚ್ಚು ಸಾದಾ ನೋವಿನ ಗುಳಿಗಿ, ಮೂರು ತಿಂಗಳು ಮೀರಿ ತಗೊಂಡ್ರ ಹಿಂಗಾಗತೈತಿ, ಕೆಲವು ಜಾತಿ ಗುಳಿಗಿಗೆ 10 ದಿನಾನ ಸಾಕು. ಡಾಕ್ಟರ್ ಹೇಳಿದಂಗ ಗುಳಿಗಿ ಬಿಟ್ಟ ಮೊದಲ ವಾರ ಆ ಅಕ್ಕಾರು ತಲಿ ಗ್ವಾಡಿಗೆ ಬಡಕೊಳ್ಳೂವಷ್ಟು ನೋವು ತಿಂದಾರು, ಆಮ್ಯಾಲೆ ಕಡಿಮಿ ಆತು. ಈಗ ಅಂಗಡಿ ಮುಂದ ಹಾದ್ರ ನಕ್ಕು ಮಾತಾಡಿಸಿ ಹೋಗ್ತಾರ.

ಅಳತಿ ಒಳಗ ಇದ್ರೂ ಕೆಡತೈತಿ ಅನ್ನೋದು ಜನರಿಗೆ ತಲ್ಯಾಗ ಹೋಗಂಗಿಲ್ರಿ. "ಒಂದ ಗುಳಿಗಿ ಅಷ್ಟ, ಏನಾಗತೈತಿ" ಅಂತಾರ.

ಮೈಸೂರಿನ ಮೇಡಂ

ಹುಬ್ಬಳ್ಳಿಯವರು ಹೇಳಿದ್ದು ಓದಿ ನನ್ನ ಗಂಟಲಿನ ಕಥೆ ನೆನಪಾಯ್ತು. ನಾನು ಪ್ರೈಮರಿ ಟೀಚರ್, ಹದಿನೆಂಟು ವರ್ಷ ಸರ್ವಿಸ್. ಎರಡು ಕ್ಲಾಸ್ ಸೇರಿಸಿ ಅರವತ್ತು ಮಕ್ಕಳು, ಪಕ್ಕದಲ್ಲೇ ರಸ್ತೆ, ಬಸ್ ಹಾರ್ನ್‌ಗಿಂತ ಜೋರಾಗಿ ಮಗ್ಗಿ ಹೇಳಿಸ್ಬೇಕು. ಹೆಂಗಸರು ಮಾತಾಡುವಾಗ ಗಂಟಲೊಳಗಿನ ಎರಡು ಧ್ವನಿಪಟಲ ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತಂತೆ. ದಿನಕ್ಕೆ ಐದು ಗಂಟೆ ಮಾತಾಡಿದ್ರೆ ಎಷ್ಟು ಸಲ ಅಂತ ನಮ್ಮ ಮಕ್ಕಳಿಗೇ ಲೆಕ್ಕ ಕೊಡಬಹುದು. ಒಂದು ತಾಗುವಿಕೆಯಲ್ಲಿ ಏನೂ ಆಗಲ್ಲ. ಆದ್ರೆ ಹಾರೆ ಹಿಡಿದ ಕೈಯಲ್ಲಿ ಗುಳ್ಳೆ ಎದ್ದು ಆಮೇಲೆ ಗಟ್ಟಿ ಆಗುತ್ತಲ್ಲ, ಹಾಗೆ ಎರಡೂ ಕಡೆ ಎದುರುಬದುರು ಸಣ್ಣ ಗಂಟು ಕಟ್ಟಿತ್ತು. ಬೆಳಗ್ಗೆ ಸ್ವರ ಸರಿ ಇರ್ತಿತ್ತು, ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಬರೀ ಗಾಳಿ. ಶಿರಾದವರ ಚಿಕ್ಕಪ್ಪನ ಬೋರ್ ಥರಾನೇ.

ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಆಪರೇಷನ್ ಬೇಡ, ಮೊದಲು ಧ್ವನಿಗೆ ವಿಶ್ರಾಂತಿ, ಆಮೇಲೆ ಥೆರಪಿ ಅಂದ್ರು. ಉಸಿರು ಹೊಟ್ಟೆಯಿಂದ ತಗೊಳ್ಳೋದು, ನೀರು ಕುಡೀತಾ ಇರೋದು, ಪಿಸುಮಾತು ಕೂಡ ಆಡದೇ ಇರೋದು. ಹೌದು, ಪಿಸುಗುಟ್ಟಿದ್ರೆ ಗಂಟಲಿಗೆ ಆರಾಮ ಅಂತ ನಾನೂ ಅಂದ್ಕೊಂಡಿದ್ದೆ, ಅದೂ ಬಿಗಿ ಕೊಡುತ್ತಂತೆ. ಈಗ ಕ್ಲಾಸಲ್ಲಿ ಒಂದು ಸಣ್ಣ ಗಂಟೆ ಇಟ್ಕೊಂಡಿದೀನಿ, ಕೂಗೋ ಬದಲು ಬಾರಿಸ್ತೀನಿ.

ನಮ್ಮ ಸಹೋದ್ಯೋಗಿಯೊಬ್ಬರಿಗೆ ಸ್ಪೋರ್ಟ್ಸ್ ಡೇ ದಿನ ಕಬಡ್ಡಿ ನೋಡ್ತಾ ಒಂದೇ ಸಲ ಕಿರುಚಿ ರಕ್ತನಾಳ ಒಡೆದು ಸ್ವರ ಪೂರ್ತಿ ನಿಂತುಹೋಗಿತ್ತು. ಅದು ಓವರ್‌ಲೋಡ್ ಅನ್ಸುತ್ತೆ. ಅವರಿಗೆ ತಕ್ಷಣ ರಜೆ ಸಿಕ್ತು. ನನಗೆ ರಜೆ ಕೇಳೋಕೆ ಹೋದ್ರೆ "ಬೆಳಗ್ಗೆ ಚೆನ್ನಾಗೇ ಮಾತಾಡಿದ್ರಲ್ಲ" ಅಂದ್ರು. ಆ ಮಾತು ಇವತ್ತಿಗೂ ನೋವಾಗುತ್ತೆ.

ಮಂಡ್ಯ ಕಬ್ಬಿನ ಟ್ರ್ಯಾಕ್ಟರ್

ಮೇಡಂ ನೀವು ಹೇಳಿದ್ದು ಕರೆಕ್ಟು. ನಮ್ಮಲ್ಲೂ ಲೋಡ್ ಜಾಸ್ತಿ ಆಗಿ ಇಂಜಿನ್ ಮುಂದಿನ ಚಕ್ರ ಎದ್ರೆ ಎಲ್ಲರೂ ಓಡಿ ಬರ್ತಾರೆ. ದಿನಾ ಎರಡು ಟ್ರೇಲರ್ ಎಳೆದು ಸ್ಪ್ರಿಂಗ್ ಪಟ್ಟೆ ಒಂದೊಂದೇ ಎಲೆ ಮುರಿಯೋದನ್ನ ಯಾರೂ ನೋಡಲ್ಲ. ಸೀಸನ್‌ನಲ್ಲಿ ಕಟಾವು ಮಾಡೋರಿಗೆ ಟನ್ ಲೆಕ್ಕ, ನಮಗೂ ಟನ್ ಲೆಕ್ಕ, ಫ್ಯಾಕ್ಟರಿ ಗೇಟಲ್ಲಿ ಒಂದೊಂದ್ಸಲ ಎರಡು ದಿನ ಕ್ಯೂ, ಹಂಗಾಗಿ ಒಂದು ಟ್ರಿಪ್‌ನಲ್ಲಿ ಎಷ್ಟು ಆಗುತ್ತೋ ಅಷ್ಟು ಹೇರ್ತೀವಿ, ಸುಳ್ಳು ಯಾಕೆ ಹೇಳ್ಲಿ. ಕಬ್ಬು ಎರಡೂ ಕಡೆ ರಸ್ತೆಗೆ ಚಾಚಿಕೊಂಡಿರುತ್ತೆ, ಹಿಂದೆ ರೇಡಿಯಂ ಇಲ್ಲ ಲೈಟ್ ಇಲ್ಲ, ರಾತ್ರಿ ಹೊತ್ತು ಬೈಕ್‌ನವರು ಬಂದು ಗುದ್ದಿದ್ದು ಕಣ್ಣಾರೆ ನೋಡಿದೀನಿ. ಅವತ್ತಿಂದ ನನ್ನ ಟ್ರೇಲರ್ ಹಿಂದೆ ರೇಡಿಯಂ ಪಟ್ಟಿ ಹೊಡ್ದಿದೀನಿ, ಮೇಲಿನ ಎರಡು ಸಾಲು ಕಟ್ಟು ಹೇರೋದು ಬಿಟ್ಟಿದೀನಿ.

ನಿವೃತ್ತ ರಸ್ತೆ ಎಂಜಿನಿಯರ್

ಮಂಡ್ಯದ ತಮ್ಮಾ, ನೀವು ಬಿಟ್ಟ ಆ ಎರಡು ಸಾಲಿಗೆ ಎಷ್ಟು ಬೆಲೆ ಇದೆ ಅಂತ ಹೇಳ್ತೀನಿ ಕೇಳಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆ ಅಂತಲೇ ರಸ್ತೆ ಮಾಡಿ ಲಾರಿ ಓಡಿಸಿ ಓಡಿಸಿ ನೋಡಿದ್ರು. ಅದರಿಂದ ಬಂದ ಸೂತ್ರವನ್ನೇ ನಾವೆಲ್ಲ ಕಲಿತಿದ್ದು, ರಸ್ತೆಗೆ ಆಗೋ ಹಾನಿ ಆಕ್ಸೆಲ್ ಮೇಲಿನ ಭಾರದ ಹೆಚ್ಚುಕಡಿಮೆ ನಾಲ್ಕನೇ ಘಾತದಲ್ಲಿ ಏರುತ್ತೆ. ಭಾರ ಎರಡು ಪಟ್ಟಾದ್ರೆ ಹಾನಿ 16 ಪಟ್ಟು. ಅದು ಬಿಡಿ, ಬರೀ 20 ಪರ್ಸೆಂಟ್ ಜಾಸ್ತಿ ಹೇರಿದ್ರೂ ಹಾನಿ ಡಬಲ್. 2018ರಲ್ಲಿ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸೆಲ್‌ಗೆ 10.2 ಟನ್ ಇದ್ದ ಮಿತಿಯನ್ನ 11.5ಕ್ಕೆ ಏರಿಸಿತು, ಅದೇ ಸೂತ್ರ ಹಾಕಿ ನೋಡಿ, ಕಾನೂನು ಪ್ರಕಾರವೇ ಓಡೋ ಲಾರಿಯಿಂದ ಒಂದೂವರೆ ಪಟ್ಟಿಗಿಂತ ಹೆಚ್ಚು ಸವೆತ. ಅದಿರು ಲಾರಿಗಳ ಕಾಲದಲ್ಲಿ ಸಂಡೂರು ಹೊಸಪೇಟೆ ಕಡೆ ಓಡಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ರಸ್ತೆ ಯಾವುದು ಹೊಂಡ ಯಾವುದು ಗೊತ್ತಾಗ್ತಿರಲಿಲ್ಲ.

ಆದ್ರೆ ನಾನು ಬರೆದ ಕಾರಣ ಬೇರೆ. ರಿವೈಂಡಿಂಗ್‌ನವರು ಹೇಳಿದ ವ್ಯತ್ಯಾಸ ಚೆನ್ನಾಗಿದೆ, ಆದ್ರೆ ಗೆರೆ ಅಷ್ಟು ನೇರ ಇಲ್ಲ. ಒಂದು ಓವರ್‌ಲೋಡ್ ಲಾರಿ ಹೋದ ತಕ್ಷಣ ರಸ್ತೆ ಮುರಿಯಲ್ಲ. ಹತ್ತು ವರ್ಷ ಬಾಳಬೇಕಾದ್ದು ನಾಲ್ಕು ವರ್ಷಕ್ಕೆ ಹೋಗುತ್ತೆ. ಅಂದ್ರೆ ಓವರ್‌ಲೋಡ್ ಅನ್ನೋದು ಅಲ್ಲಿ ಓವರ್‌ಯೂಸ್ ಆಗಿ ಕಾಣಿಸ್ಕೊಳ್ಳುತ್ತೆ. ಟಿಸಿಯೂ ಹಾಗೇ. ಒಳಗೆ ತಂತಿಗೆ ಕಾಗದ ಸುತ್ತಿರ್ತಾರೆ, ಆಯಿಲ್‌ನಲ್ಲಿ ನೆನೆಸಿರ್ತಾರೆ. ಸಹಿಸೋ ಶಾಖದ ಮೇಲೆ 6ರಿಂದ 8 ಡಿಗ್ರಿ ಏರಿದ್ರೆ ಆ ಕಾಗದದ ಆಯುಸ್ಸು ಅರ್ಧಕ್ಕಿಳಿಯುತ್ತೆ ಅನ್ನೋದು ನಮ್ಮ ವಿದ್ಯುತ್ ವಿಭಾಗದ ಗೆಳೆಯರ ಹಳೇ ಲೆಕ್ಕ. ಶಿರಾದ ಟಿಸಿ ಆ ಹತ್ತು ನಿಮಿಷದಲ್ಲಿ ಸುಟ್ಟಿದ್ದಲ್ಲ, ತಿಂಗಳುಗಟ್ಟಲೆ ಕಾಗದ ಒಳಗೊಳಗೇ ಹುರಿದುಹೋಗಿತ್ತು, ಅವತ್ತು ಬರೀ ಸದ್ದು ಬಂತು.

ದಾವಣಗೆರೆ ರಿವೈಂಡಿಂಗ್

ಸರ್ ಒಪ್ಕೊಂಡೆ. ಟಿಸಿ ಬಿಚ್ಚಿದಾಗ ಆ ಕಾಗದ ಮುಟ್ಟಿದ್ರೆ ಒಣಗಿದ ಬಾಳೆಪಟ್ಟೆ ಥರ ಪುಡಿ ಆಗುತ್ತೆ, ನಾನೇ ನೋಡಿದೀನಿ, ಆದ್ರೆ ಹೀಗೆ ಯೋಚನೆ ಮಾಡಿರಲಿಲ್ಲ.

ಜರ್ಮನಿಯಲ್ಲಿರೋ ತಿಪಟೂರಿನವ

ನಾನು ಸಾಫ್ಟ್‌ವೇರ್‌ನವನು, ನಮ್ಮಲ್ಲಿ ಓವರ್‌ಲೋಡ್ ಅನ್ನೋ ಪದಕ್ಕೆ ಪೂರ್ತಿ ಬೇರೆ ಅರ್ಥ ಇದೆ, ಅದರಲ್ಲಿ ಕೆಟ್ಟದ್ದು ಏನೂ ಇಲ್ಲ, ಮಗಳಿಗೆ ಇದನ್ನೂ ಹೇಳಿ ಅಣ್ಣ. ಒಂದೇ ಹೆಸರಿನ ಫಂಕ್ಷನ್‌ನ (ಪ್ರೋಗ್ರಾಂನಲ್ಲಿ ಒಂದು ಕೆಲಸ ಮಾಡೋ ತುಣುಕು) ಬೇರೆ ಬೇರೆ ಕೆಲಸಕ್ಕೆ ಬರೆಯೋದು, ಪಕ್ಕದಲ್ಲಿ ಏನು ಕೊಟ್ಟಿದೀವಿ ಅನ್ನೋದರ ಮೇಲೆ ಯಾವ ಅರ್ಥ ಅಂತ ಕಂಪ್ಯೂಟರ್ ಆರಿಸ್ಕೊಳ್ಳುತ್ತೆ. ಕನ್ನಡದಲ್ಲಿ "ಹೊಡಿ" ಇದೆಯಲ್ಲ, ಹಾಗೆ. ಗೋಡೆಗೆ ಬಣ್ಣ ಹೊಡಿ, ಗಿಡಕ್ಕೆ ಔಷಧಿ ಹೊಡಿ, ಟ್ರ್ಯಾಕ್ಟರ್ ಹೊಡಿ, ಸೀಟಿ ಹೊಡಿ, ಗೊರಕೆ ಹೊಡಿ, ಕಾಪಿ ಹೊಡಿ. ಬೋರ್ ಹೊಡಿಸ್ತಾ ಇದೀವಿ ಅಂದ್ರೆ ಖರ್ಚು, ಬೋರ್ ಹೊಡೀತಾ ಇದೆ ಅಂದ್ರೆ ಬೇಸರ. ಒಂದೇ ಪದದ ಮೇಲೆ ಇಷ್ಟೆಲ್ಲ ಹೇರಿದೀವಿ, ಪದ ಮುರಿದಿಲ್ಲ, ನಮ್ಮಜ್ಜಿಗೂ ಗೊಂದಲ ಆಗಿದ್ದಿಲ್ಲ. ಪಕ್ಕದ ಪದ ಹೊರೆ ಹಂಚ್ಕೊಳ್ಳುತ್ತೆ.

ಆದ್ರೆ ಪದಗಳಿಗೂ ಓವರ್‌ಯೂಸ್ ಇದೆ. "ಅದ್ಭುತ" ಅನ್ನೋದನ್ನ ಮೊದಲು ಏನೋ ಅಪರೂಪದ್ದಕ್ಕೆ ಹೇಳ್ತಿದ್ವಿ, ಈಗ ಕಾಫಿಗೂ ಅದ್ಭುತ, ಫೋಟೋಗೂ ಅದ್ಭುತ, ಆ ಪದದಲ್ಲಿ ಜೀವ ಉಳಿದಿಲ್ಲ. ಊರಿಂದ ದೂರ ಇದೀನಿ, ದಿನಕ್ಕೆ ಕನ್ನಡ ಮಾತಾಡೋದೇ ಅರ್ಧ ಗಂಟೆ, ಅದಕ್ಕೇ ಇರಬೇಕು ಇದೆಲ್ಲ ಜಾಸ್ತಿ ಕಣ್ಣಿಗೆ ಬೀಳುತ್ತೆ.

ಸಿಂಧನೂರು ಭತ್ತ

ಕೋಲಾರದಣ್ಣಗ ಒಂದು ಮಾತು. ನಿಮ್ಮ ಕಡಿ ನೀರು ತೆಗೆದು ತೆಗೆದು ಕೆಟ್ಟಿತು, ನಮ್ಮ ಕಡಿ ಹಾಸಿ ಹಾಸಿ ಕೆಟ್ಟೈತಿ. ತುಂಗಭದ್ರಾ ಡ್ಯಾಮ್ 1953ರಾಗ ಆತು, ಎಡದಂಡೆ ಕಾಲುವೆ ಮಾಡಿದ್ದು ಜ್ವಾಳ ಹತ್ತಿ ಅಂಥ ಕಡಿಮಿ ನೀರಿನ ಬೆಳಿಗೆ. ಮ್ಯಾಲಿನ ಭಾಗದಾಗ ಎಲ್ಲರೂ ಭತ್ತಕ್ಕ ಬಿದ್ವಿ, ವರ್ಷಕ್ಕ ಎರಡು ಬೆಳಿ, ಕರಿ ಮಣ್ಣಿನ ಮ್ಯಾಲೆ ತಿಂಗಳಾನುಗಟ್ಟಲೆ ನೀರು ನಿಂತು ಕೆಳಗಿನ ಉಪ್ಪು ಮ್ಯಾಲೆ ಬಂತು. ಬ್ಯಾಸಿಗ್ಯಾಗ ಹೊಲ ನೋಡಿದ್ರ ಸುಣ್ಣ ಚೆಲ್ಲಿದಂಗ ಬೆಳ್ಳಗ. ಸವಳು ಜವಳು ಅಂತೀವಿ ನಾವು, ಸವಳು ಅಂದ್ರ ಉಪ್ಪು, ಜವಳು ಅಂದ್ರ ನೀರು ನಿಂತು ಕೊಳೆಯೋದು. ನಮ್ಮ ಎರಡು ಎಕರೆದಾಗ ನಾಟಿ ಮಾಡಿದ ಸಸಿ ತುದಿ ಸುಟ್ಟಂಗಾಗಿ ಒಣಗತಿತ್ತು, ನೀರಾಗ ನಿಂತ್ಕೊಂಡ ಒಣಗತಿತ್ರಿ. ಅದನ್ನ ನೋಡಿ ನಮ್ಮಪ್ಪ ಬದುವಿನ ಮ್ಯಾಲೆ ಕುಂತು ಒಂದು ಮಾತೂ ಆಡಲಿಲ್ಲ.

ಕಾಲುವಿ ಕೊನಿ ಭಾಗದವರಿಗೆ ಕುಡಿಯಾಕೂ ನೀರಿಲ್ಲ. ಗಂಗಾವತಿ ಸಂಶೋಧನಾ ಕೇಂದ್ರದವರು ಹೇಳಿದ ಪ್ರಕಾರ ಬಸಿಗಾಲುವಿ ತೆಗಿಸೀವಿ, ಉಪ್ಪು ತೊಳದು ಹೋಗಾಕ ವರ್ಷಗಳು ಬೇಕು.

ಶಿರಸಿ ಅಡಿಕೆ ಮನೆ

ಎಲ್ಲರೂ ಮಣ್ಣು ಮಷೀನು ಅಂತ ಹೇಳಿದ್ರಿ, ನಾನು ಕೈ ಬಗ್ಗೆ ಹೇಳ್ತೆ ಮಾರಾಯ್ರೆ. ಕೊನೆ ಕೊಯ್ಲಿನ ಸಮಯದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಹಸಿ ಅಡಿಕೆ ಸುಲಿಯೋದು. ಒಂದು ಅಡಿಕೆಗೆ ಏನು ಭಾರ ಇದೆ ಹೇಳಿ, ಮಗು ಕೂಡ ಎತ್ತುತ್ತದೆ. ಕತ್ತಿಗೆ ಒತ್ತಿ, ಮಣಿಕಟ್ಟು ತಿರುಗಿಸಿ, ಸಿಪ್ಪೆ ಬಿಡಿಸಿ, ಬುಟ್ಟಿಗೆ ಹಾಕಿ, ಮತ್ತೊಂದು. ಸಾವಿರಗಟ್ಟಲೆ ಸಲ. ನಮ್ಮ ಅತ್ತೆಯವರು ಹೆಬ್ಬೆರಳಿಗೆ ಹಳೇ ಸೀರೆಯ ಅಂಚು ಬಿಗಿಯಾಗಿ ಸುತ್ತಿಕೊಂಡು ಸುಲಿಯೋರು, ಅದು ಅಡಿಕೆ ಕರೆ ಹಿಡಿಯದಿರಲಿ ಅಂತ ನಾನು ತಿಳ್ಕೊಂಡಿದ್ದೆ. ನನಗೂ ನೋವು ಶುರುವಾದ ಮೇಲೆ ಗೊತ್ತಾಯ್ತು, ಅವರು ನೋವು ಕಟ್ಟಿಹಾಕ್ತಿದ್ರು. ಪಾತ್ರೆ ಮುಚ್ಚಳ ತಿರುಗಿಸಲಿಕ್ಕೆ ಆಗದ ಹಾಗೆ ಆಯ್ತು ನನಗೆ. ಹೆಬ್ಬೆರಳಿನ ಬುಡದ ಸ್ನಾಯುರಜ್ಜುವಿನ ಕವಚ ಊದಿದೆ ಅಂದ್ರು ಡಾಕ್ಟರ್, ಈಗಿನ ಹುಡುಗರಿಗೆ ಮೊಬೈಲ್ ಒತ್ತಿ ಒತ್ತಿ ಬರೋದೂ ಅದೇ ಅಂತೆ. ಈಗ ಸುಲಿಯೋ ಮಷೀನು ತಂದಿದ್ದೇವೆ, ಅತ್ತೆಯವರ ಕೈ ಮಾತ್ರ ಸರಿಯಾಗಲೇ ಇಲ್ಲ.

ಎರಡು ಮಕ್ಕಳ ಅಮ್ಮ

ಸ್ಕೂಲ್ ಬ್ಯಾಗ್ ಸೇರಿಸ್ಕೊಳ್ಳಿ. 2019ರಲ್ಲಿ ನಮ್ಮ ರಾಜ್ಯದಲ್ಲೇ ಆದೇಶ ಬಂದಿದೆ, ಒಂದು ಎರಡನೇ ಕ್ಲಾಸಿಗೆ 1.5ರಿಂದ 2 ಕೆಜಿ, ಒಂಬತ್ತು ಹತ್ತಕ್ಕೆ 4ರಿಂದ 5 ಕೆಜಿ. ನನ್ನ ಎರಡನೇ ಕ್ಲಾಸ್ ಮಗನ ಬ್ಯಾಗ್ ತೂಕ ಮಾಡಿದೆ, ನಾಲ್ಕು ಕೆಜಿ ಮೇಲಿದೆ. ಸ್ಕೂಲಿಗೆ ಹೋಗಿ ಕೇಳಿದ್ರೆ ಟೈಮ್‌ಟೇಬಲ್ ನೋಡಿ ಕಳಿಸಿ ಅಂತಾರೆ. ಟೈಮ್‌ಟೇಬಲ್ ನೋಡಿಯೇ ನಾಲ್ಕು ಕೆಜಿ.

ಶಿರಾ ಸೀಮೆ ರೈತ

ಎಲ್ಲರಿಗೂ ಕೈ ಮುಗೀತೀನಿ, ಇಷ್ಟು ಜನ ಬರೀತಾರೆ ಅಂದ್ಕೊಂಡಿರಲಿಲ್ಲ. ಮಗಳು ಪೂರ್ತಿ ಕೂತು ಓದಿದ್ಲು. ಮೇಡಂ ಅವರ ಗಂಟಲಿನ ಕಥೆ ಎರಡು ಸಲ ಓದಿ ನಾಳೆ ಅವರ ಟೀಚರ್‌ಗೆ ತೋರಿಸ್ತೀನಿ ಅಂದ್ಲು.

ನಾಲ್ಕು ದಿನದ ಹಿಂದೆ ಅರಳಿಕಟ್ಟೆ ಹತ್ರ ಹದಿಮೂರು ಜನವೂ ಸೇರಿದ್ವಿ. ಮೊದಲು ಜಗಳನೇ ಆಯ್ತು, ಅಕ್ರಮ ಕನೆಕ್ಷನ್ ಯಾರದ್ದು, ಹತ್ತು ಎಚ್‌ಪಿ ಯಾರದ್ದು ಅಂತ. ಆಮೇಲೆ ವಯಸ್ಸಾದವರೊಬ್ಬರು ಹೇಳಿದ್ರು, ನಮ್ಮ ಕೆರೆಗೆ ಮೊದಲು ನೀರುಗಂಟಿ ಇದ್ದ, ತೂಬು ಎತ್ತೋದು ಅವನೊಬ್ಬನೇ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಸರದಿ, ಗೌಡನ ಗದ್ದೆಗೂ ಅದೇ ಸರದಿ, ಕೆರೆಗೆ ಮಾಡ್ತಿದ್ದನ್ನ ಕರೆಂಟ್‌ಗೆ ಮಾಡೋಕೆ ಏನು ಕಷ್ಟ ಅಂತ. ಎಲ್ಲರೂ ಸುಮ್ಮನಾದ್ರು. ಈಗ ಹೀಗೆ ತೀರ್ಮಾನ, ಸಿಗೋ ಏಳು ಗಂಟೇಲಿ ಅರ್ಧ ಹೊತ್ತು ಆರು ಪಂಪ್, ಇನ್ನರ್ಧ ಹೊತ್ತು ಏಳು ಪಂಪ್, ಆಟೋ ಎಲ್ಲ ತೆಗೆಯೋದು, ಇನ್ನೊಂದು 63 ಕೆವಿಎ ಟಿಸಿಗೆ ಎಲ್ಲರೂ ಸಕ್ರಮ ಮಾಡಿಸ್ಕೊಂಡು ಅರ್ಜಿ ಹಾಕೋದು. 10 ಎಚ್‌ಪಿವರೆಗೆ ಕರೆಂಟ್ ಫ್ರೀ ಇರೋದ್ರಿಂದ ಯಾರೂ ಬಿಲ್ ಲೆಕ್ಕ ನೋಡಿರಲಿಲ್ಲ, ನಾನೂ ಅದರಲ್ಲಿ ಒಬ್ಬ. ಸರದಿ ಪಟ್ಟಿ ಮಗಳೇ ಬರೆದು ಟಿಸಿ ಪಕ್ಕದ ಬೇವಿನ ಮರಕ್ಕೆ ಹಾಕಿದಾಳೆ, ಮಳೆಗೆ ನೆನೀಬಾರ್ದು ಅಂತ ಪ್ಲಾಸ್ಟಿಕ್ ಕವರ್ ಹಾಕಿ.

ಸರದಿ ಮಾಡಿದ್ರಿಂದ ಬೋರ್‌ಗಳಿಗೂ ಅರ್ಧ ದಿನ ಬಿಡುವು ಸಿಗುತ್ತೆ. ಮೂರು ದಿನದಿಂದ ಚಿಕ್ಕಪ್ಪನ ಬೋರ್ ಒಂದೂವರೆ ಗಂಟೆ ಗಾಳಿ ಇಲ್ಲದೆ ಓಡ್ತಿದೆ. ಮೂರು ದಿನದ್ದು ನೋಡಿ ಏನೂ ಹೇಳೋಕಾಗಲ್ಲ, ಗೊತ್ತು.

ರಿವೈಂಡಿಂಗ್ ಅಣ್ಣ, ಒಂದೇ ಡೌಟು. ಒಂದು ಸರದಿಲಿ ಪಂಪ್‌ಗಳು ಒಟ್ಟಿಗೆ ಏಳದ ಹಾಗೆ ಏನು ಮಾಡೋದು, ಮತ್ತೆ ಕೆಪಾಸಿಟರ್ ಹಾಕಿದ್ರೆ ಟಿಸಿಗೆ ಹಗುರ ಆಗುತ್ತಾ?

ದಾವಣಗೆರೆ ರಿವೈಂಡಿಂಗ್

ಆಗುತ್ತೆ ಅಣ್ಣ. ಕೈಯಲ್ಲೇ ಸ್ಟಾರ್ಟ್ ಮಾಡೋದಾದ್ರೆ ಒಬ್ಬರು ಹಾಕಿ ಮೋಟಾರ್ ಸ್ಪೀಡ್ ಹಿಡಿದ್ಮೇಲೆ ಇನ್ನೊಬ್ಬರು ಹಾಕಿ, ಒಂದು ನಿಮಿಷ ಬಿಟ್ರೆ ಸಾಕು. ರಾತ್ರಿ ಕರೆಂಟ್ ಕೊಡೋ ವಾರದಲ್ಲಿ ಹೊಲಕ್ಕೆ ಹೋಗೋದು ಕಷ್ಟ, ಹಾವು ಹುಳ ಇರುತ್ತೆ, ಹಂಗಾಗಿ ಆಟೋ ಪೂರ್ತಿ ತೆಗೆಸ್ಬೇಡಿ, ಟೈಮರ್ ಇರೋ ಆಟೋ ಹಾಕ್ಸಿ, ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತು ಇಡಿ. ಕೆಪಾಸಿಟರ್ ಏಳೂವರೆ ಎಚ್‌ಪಿಗೆ 3 ಕೆವಿಎಆರ್ (ಅದು ಕೆಪಾಸಿಟರ್ ಅಳತೆ), ಹತ್ತಕ್ಕೆ 4. ಅದಕ್ಕಿಂತ ದೊಡ್ಡದು ಹಾಕಿದ್ರೆ ಒಳ್ಳೇದು ಅಂತ ಅಂಗಡಿಲಿ ಹೇಳಿದ್ರೆ ಕೇಳ್ಬೇಡಿ. ಯಾರದ್ದಾದ್ರೂ ರಿಲೇ ನೇರ ಮಾಡಿದ್ರೆ ಸ್ಟಾರ್ಟರ್ ಫೋಟೋ ಹಾಕಿ, ಯಾವ ವೈರ್ ಎಲ್ಲಿಗೆ ಅಂತ ಗುರುತು ಮಾಡಿ ಕಳಿಸ್ತೀನಿ.